ಹನ್ನೊಂದನೆಯ ಹಾಡಿನ ಕೂಗು

ಸಿಡಿಲಣ್ಣನಿಗೆ ಅರವತ್ತೊಂಬತ್ತು. ರಾಕ್ ಹಾಡುವವರಲ್ಲಿ ಆ ವಯಸ್ಸಿನವರೆಗೆ ಬದುಕಿರುವುದೇ ದೊಡ್ಡ ಮಾತು. ಇವನೋ ಇನ್ನೂ ಚರ್ಮದ ಪ್ಯಾಂಟು ಬಿಟ್ಟಿರಲಿಲ್ಲ, ಅದನ್ನು ಸೊಂಟಕ್ಕೇರಿಸಲು ಇಬ್ಬರು ಬೇಕಾಗುತ್ತಿದ್ದರು ಅಷ್ಟೆ. ಸಿಡಿಲಣ್ಣನೆಂಬ ಹೆಸರು ಬಂದದ್ದು ಒಂದೇ ಒಂದು ಕೂಗಿನಿಂದ. ಹನ್ನೊಂದನೆಯ ಹಾಡಿನ ಕೊನೆಗೆ ವಾದ್ಯಗಳೆಲ್ಲ ಗಪ್ಪೆಂದು ನಿಂತಾಗ ಅವನೊಬ್ಬನೇ ಕೊರಳು ಹರಿಯುವಂತೆ ಕೂಗುತ್ತಿದ್ದ. ಈಗ ಒಂಬತ್ತು ವರ್ಷದಿಂದ ಆ ಜಾಗ ಬಂದ ಕೂಡಲೇ ಮೈಕನ್ನು ಜನರ ಕಡೆ ತಿರುಗಿಸಿಬಿಡುತ್ತಿದ್ದ. ಜನ ಕೂಗುತ್ತಿದ್ದರು, ಇವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಅಭಿಮಾನಿಗಳ ಮೇಲೆ ಎಂಥ ಪ್ರೀತಿ ಎಂದು ಪತ್ರಿಕೆಗಳು ಬರೆದವು. ಕೊರಳು ಕೈಕೊಟ್ಟಿದೆ ಎಂದು ಯಾರೂ ಬರೆಯಲಿಲ್ಲ.

ಆದರೆ ಎರಡು ವಾರದ ಹಿಂದಿನ ಕಾರ್ಯಕ್ರಮ ಆಲ್ಬಮ್ಮಿಗೆಂದು ಧ್ವನಿಮುದ್ರಣವಾಗುತ್ತಿತ್ತು. ಬಹುಶಃ ಅವನ ಕೊನೆಯ ಆಲ್ಬಮ್. "ನೇರ ಅಂದ್ರೆ ನೇರ, ಆಮೇಲೆ ತೇಪೆ ಹಾಕೋ ಮಾತೇ ಇಲ್ಲ" ಎಂದು ಮೊದಲೇ ಡಂಗುರ ಸಾರಿದ್ದ. ಹಾಗಾಗಿ ಆ ದಿನ ಮೈಕ್ ತಿರುಗಿಸಲಿಲ್ಲ. ಬಾಯಿ ತೆರೆದ. ಕೂಗು ಬಂತು, ಇಪ್ಪತ್ತೈದರ ಹರೆಯದಲ್ಲಿ ಬಂದ ಹಾಗೆಯೇ. ಸಭಾಂಗಣ ಎದ್ದು ನಿಂತಿತು. ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ಅದೇ ಕಥೆ. ಹಲ್ಲಿನ ಡಾಕ್ಟರು ಬಾಯಿ ತೆರೆಯಿರಿ ಎಂದರೂ ಅದೇ ಕಥೆ.

ಇವತ್ತು ಅದನ್ನು ಕೇಳಲು ಸ್ಟುಡಿಯೋಗೆ ಬಂದಿದ್ದ. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಸ್ಪಂಜು. ಜೊತೆಗೆ ಅಕ್ಕ. ಎಪ್ಪತ್ತನಾಲ್ಕರ ಅಕ್ಕ ಅವನ ಎಲ್ಲ ಕಾರ್ಯಕ್ರಮಗಳಿಗೂ ಹೋಗಿ ಮೊದಲ ಸಾಲಿನಲ್ಲೇ ಕೂರುವವಳು.

"ಪ್ರತಿ ಮೈಕಿನ ಧ್ವನಿಯೂ ಬೇರೆ ಬೇರೆ ಟ್ರ್ಯಾಕಿನಲ್ಲಿದೆ ಸರ್. ಬೇಕಾದ್ದನ್ನ ಮಾತ್ರ ಕೇಳಬಹುದು" ಎಂದಳು ಸೌಂಡ್ ಎಂಜಿನಿಯರ್.

"ನನ್ನದೊಂದನ್ನೇ ಹಾಕಮ್ಮ. ಆ ಕೂಗು."

"ಯಾಕೆ ಸುಮ್ನೆ? ಚೆನ್ನಾಗೇ ಬಂದಿದೆ, ಮನೆಗೆ ಹೋಗೋಣ ನಡಿ" ಎಂದಳು ಅಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸಿಡಿಲಣ್ಣನಿಗೆ ಅದೇನೂ ಹೊಳೆಯಲಿಲ್ಲ.

ಎಂಜಿನಿಯರ್ ಗುಂಡಿ ಒತ್ತಿದಳು. ವಾದ್ಯಗಳು ನಿಂತವು. ಅವನ ಮೈಕಿನಿಂದ ಬಂದದ್ದು "ಹ್ಹಹ್" ಎಂಬ ಗಾಳಿ, ಮತ್ತೇನೂ ಇಲ್ಲ. ಅವಳು ತಡಬಡಾಯಿಸಿ ಉಳಿದ ಟ್ರ್ಯಾಕುಗಳನ್ನು ಒಂದೊಂದಾಗಿ ತೆರೆಯುತ್ತ ಹೋದಳು. ಚಪ್ಪಾಳೆ ಹಿಡಿಯಲೆಂದು ಮೊದಲ ಸಾಲಿನ ಪ್ರೇಕ್ಷಕರ ಎದುರಿಗಿಟ್ಟಿದ್ದ ಮೈಕಿನ ಸರದಿ ಬಂದಾಗ ಕೂಗು ಸಿಕ್ಕಿತು. ಪೂರ್ತಿ, ಸ್ವಚ್ಛ, ಹತ್ತು ಸೆಕೆಂಡು. ಅದರ ಬೆನ್ನಿಗೇ ಅಕ್ಕನ ಮಾತು ಪಕ್ಕದವರಿಗೆ: "ಪಾಪ, ಒಂದು ವಾರದಿಂದ ನೆಗಡಿ ಅವನಿಗೆ."

ಆ ಮೈಕಿನ ಸದ್ದನ್ನು ಹಾಡುವಾಗ ಅವನು ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನಿಗೂ ಬಿಟ್ಟಿದ್ದರು. ತನ್ನ ಕಿವಿಯೊಳಗೆ ಮೊಳಗಿದ್ದು ತನ್ನದೇ ಎಂದುಕೊಂಡಿದ್ದ. ಇಂಗು ತಿಂದ ಮಂಗನ ಹಾಗೆ ಅಕ್ಕನ ಕಡೆ ತಿರುಗಿದ.

"ನೀನು ಆವತ್ತು ಮೈಕ್ ತಿರುಗಿಸಲಿಲ್ಲ ಕಣೋ" ಎಂದಳು ಅಕ್ಕ. "ಬಾಯಿ ಬಿಟ್ಕೊಂಡು ನಿಂತೆ. ಅಷ್ಟು ಜನ ಕಾಯ್ತಿದ್ದಾರೆ, ಏನೂ ಬರ್ತಿಲ್ಲ. ನನಗೆ ನೋಡಕ್ಕಾಗಲಿಲ್ಲ."

"ಅಷ್ಟು ಎತ್ತರ ಹೇಗೆ ಹೋದೆ ನೀನು?"

"ಹೇಗೆ ಅಂದ್ರೆ? ಚಿಕ್ಕವನಿದ್ದಾಗ ಮೂರು ಬೀದಿ ಆಚೆ ಆಡ್ತಿದ್ದವನನ್ನ ಊಟಕ್ಕೆ ಕರೀತಿದ್ದದ್ದು ಯಾರು?"

ಈ ಕೂಗು ಎಲ್ಲಿಂದ ಹುಟ್ಟಿತು ಎಂದು ಕೇಳಿದವರಿಗೆಲ್ಲ ಸಿಡಿಲಣ್ಣ ನಲವತ್ತು ವರ್ಷ "ಎದೆಯಾಳದಿಂದ" ಎಂದು ಹೇಳಿಕೊಂಡು ಬಂದಿದ್ದ. ನಿಜವಾಗಿ ಎಲ್ಲಿಂದ ಕದ್ದದ್ದೆಂದು ಅವನಿಗೆ ಗೊತ್ತಿತ್ತು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಕ್ಕನ ಮೇಲೆ ಅಳು ಬರುವಷ್ಟು ಪ್ರೀತಿ ಬಂತು.

"ಸರ್, ಇಲ್ಲಿರೋದು ನಾವು ಮೂರೇ ಜನ" ಎಂದಳು ಎಂಜಿನಿಯರ್ ಮೆಲ್ಲಗೆ. "ಆ ನೆಗಡಿ ಮಾತು ಕತ್ತರಿಸಿದ್ರೆ ಯಾರಿಗೂ ಗೊತ್ತಾಗಲ್ಲ."

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೂಂ ಎಂದರೆ ಸಿಡಿಲಣ್ಣ ಸಿಡಿಲಣ್ಣನಾಗಿಯೇ ಉಳಿಯುತ್ತಾನೆ. ಊಹೂಂ ಎಂದರೆ ಹಲ್ಲಿನ ಡಾಕ್ಟರಿಂದ ಹಿಡಿದು ಊರೆಲ್ಲ ನಗುತ್ತದೆ.

"ಏನೂ ಕತ್ತರಿಸಬೇಡ" ಎಂದ ಕೊನೆಗೆ. "ನನ್ನ ಗಾಳಿನೂ ಇರಲಿ. ಆಲ್ಬಮ್ ಹೊದಿಕೆ ಮೇಲೆ ಬರೆಸು, ಹನ್ನೊಂದನೆ ಹಾಡಿನ ಕೂಗು ನನ್ನ ಅಕ್ಕನದು ಅಂತ."

"ತಲೆ ಕೆಟ್ಟಿದ್ಯಾ ನಿನಗೆ? ಜನ ನಗ್ತಾರೆ ಕಣೋ."

"ನಗಲಿ ಬಿಡು."

ಅಕ್ಕ ಕನ್ನಡಕ ಒರೆಸಿಕೊಂಡು, ಸೀರೆಯ ಸೆರಗು ಸರಿಮಾಡಿಕೊಂಡು, ಎಂಜಿನಿಯರ್ ಪಕ್ಕಕ್ಕೆ ಕುರ್ಚಿ ಎಳೆದಳು.

"ಇನ್ನೊಂದು ಸಲ ಹಾಕಮ್ಮ."

ಹಾಕಿದಳು. ಅಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು, ಮುಖ ಸಿಂಡರಿಸಿದಳು.

"ಕೊನೇಲಿ ಸ್ವಲ್ಪ ಇಳಿದುಬಿಟ್ಟಿದೆ. ನನ್ನ ಹೆಸರು ಹಾಕ್ತೀರಿ ಅಂದ್ಮೇಲೆ ಇದು ಬೇಡ" ಎಂದಳು. "ಮೈಕ್ ಎಲ್ಲಿದೆ? ಇನ್ನೊಂದು ಸಲ ಕೂಗ್ತೀನಿ."