ಹೆಗಲು ಕೊಡಲು ಬಂದವರು

“ಹೆಗಲು ಕೊಡೋಕೆ ಆರು ಜನ ಗಂಡಸರು ಬೇಕು ತಾಯಿ. ನಿಮ್ಮನೇಲಿ ಯಾರಿದ್ದಾರೆ? ಅದಕ್ಕೇ ನಮ್ಮ ಹುಡುಗರನ್ನೇ ಕರ್ಕೊಂಡು ಬಂದೆ,” ಎಂದರು ಕೋಚ್ ಪ್ಯೋ, ಗುನ್ಸಾನ್ ಊರಿನ ಶೋಕಗೃಹದ ಬಾಗಿಲಲ್ಲಿ ಬೂಟು ಕಳಚುತ್ತ.

ತೀರಿಕೊಂಡ ತಾಯಿ ಓಕ್‌ಬುನ್ ಫೋಟೋ ಮುಂದೆ ಊದುಬತ್ತಿ ಹಚ್ಚುತ್ತಿದ್ದ ಮಿರನ್ ತಿರುಗಿ ನೋಡಿದಳು. ಕಪ್ಪು ಸೂಟಿನ ಆರು ಬೇಸ್‌ಬಾಲ್ ಆಟಗಾರರು. ಕೊನೆಯವನು ಟೇಗುನ್.

“ಅವನೂನಾ?”

“ಬಾರಿನ ಹುಡುಗೀನ ಹೊಡೆದ ಅನ್ನೋದು ಬರೀ ಆರೋಪ ಕಣಮ್ಮ. ಕೋರ್ಟು ಹೇಳೋ ತನಕ ನನ್ನ ತಂಡದಲ್ಲಿ ಎಲ್ರೂ ಒಂದೇ. ಚಿಕ್ಕಮ್ಮ ಕೈಯಾರೆ ಬಡಿಸಿ ಸಾಕಿದ ಹುಡುಗ. ಹೊರಗೆ ಪೇಪರಿನೋರು ಬಂದಿದ್ದಾರೆ, ಅವರೂ ನೋಡ್ಲಿ.”

ತಂಡಕ್ಕೆಲ್ಲ ಓಕ್‌ಬುನ್ ಚಿಕ್ಕಮ್ಮನೇ. ಆಟಗಾರರ ಹಾಸ್ಟೆಲಿನ ಅಡುಗೆಮನೆಯಲ್ಲೇ ಮುದುಕಿಯಾದವಳು. ಯಾರಿಗೆ ಈರುಳ್ಳಿ ಸೇರದು, ಸೋತ ದಿನ ಯಾರು ಊಟ ಬಿಡುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಅವಳ ಜೊತೆ ದುಡಿದ ಹೆಂಗಸರೇ ಇವತ್ತು ಬಂದವರಿಗೆ ಖಾರದ ಮಾಂಸದ ಸಾರು ಬಡಿಸುತ್ತಿದ್ದರು.

“ಗೆದ್ರೆ ಒಂದು ಸೌಟು, ಸೋತ್ರೆ ಎರಡು ಸೌಟು. ಇವರು ಇಷ್ಟು ದಪ್ಪಗಾಗಿದ್ದು ಹೆಂಗೆ ಅಂದ್ಕೊಂಡ್ರಿ?” ಎಂದಳು ಅವರಲ್ಲೊಬ್ಬಳಾದ ಮಲ್‌ಸುಕ್.

ಎಲ್ಲರೂ ನಕ್ಕರು. ಟೇಗುನ್ ನಗಲಿಲ್ಲ.

*

“ಆ ಬಾರಿನ ಹುಡುಗಿ ಕಣ್ಣು ಹೋಯ್ತಲ್ಲ,” ಎಂದು ಮಗಳಿಗೆ ಹೇಳಿದ್ದಳು ಓಕ್‌ಬುನ್, ಸಾಯುವ ಮುಂಚೆ, ಆಸ್ಪತ್ರೆಯ ಮಂಚದ ಮೇಲೆ. “ಅವತ್ತು ಬೆಳಗಿನ ಜಾವ ಟೇಗುನ್ ಹಿಂದಿನ ಬಾಗಿಲಿಂದ ಬಂದ. ತೋಳೆಲ್ಲ ರಕ್ತ. ಹಸಿವು ಚಿಕ್ಕಮ್ಮಾ ಅಂದ. ಬಡಿಸಿದೆ ಕಣೇ.”

“ಅವನು ರಾತ್ರಿಯೆಲ್ಲ ರೂಮಲ್ಲೇ ಮಲಗಿದ್ದ ಅಂತ ಕೋಚ್ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಾರಲ್ಲಮ್ಮ!”

“ನನ್ನ ಯಾರೂ ಕೇಳ್ಲೇ ಇಲ್ಲ. ಅಡುಗೆಯೋಳನ್ನ ಯಾರು ಕೇಳ್ತಾರೆ? ನಾನು ಏಳದಿದ್ರೆ ನೀನು ಹೋಗಿ ಹೇಳು.”

*

ಶವಪೆಟ್ಟಿಗೆ ಹೊರಡುವ ಹೊತ್ತಾಯಿತು. ಕೋಚ್ ಮಿರನ್ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

“ಸೋಮವಾರ ಪೊಲೀಸರ ಹತ್ರ ಹೋಗ್ತೀಯಂತೆ. ಸತ್ತೋರ ಮಾತು ಯಾರು ನಂಬ್ತಾರಮ್ಮ? ನಿನ್ನ ತಿಂಡಿ ಅಂಗಡಿ ನಮ್ಮ ಸ್ಟೇಡಿಯಮ್ಮಿನ ಒಳಗೇ ಇದೆ, ಅಲ್ವಾ?”

ಮಿರನ್ ಪೆಟ್ಟಿಗೆಯತ್ತ ನಡೆದಳು. ಟೇಗುನ್ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ್ದ. ಬಾಗಿಲಾಚೆ ಕ್ಯಾಮೆರಾಗಳು ಎದ್ದವು.

“ನೀನು ಬಿಡು,” ಎಂದಳು.

“ಅಕ್ಕಾ, ಚಿಕ್ಕಮ್ಮ ನಂಗೆ...”

“ಗೊತ್ತು. ಅವತ್ತು ಬೆಳಗಿನ ಜಾವ ಬಡಿಸಿದ್ದೂ ಗೊತ್ತು. ಕೈ ತೆಗಿ.”

ಅವನು ಹಿಡಿ ಬಿಟ್ಟು ಹಿಂದೆ ಸರಿದ.

“ಅವನಿಲ್ಲ ಅಂದ್ರೆ ತಂಡಾನೂ ಇಲ್ಲ,” ಎಂದರು ಕೋಚ್, ಮೆಲ್ಲಗೆ.

ಉಳಿದ ಐವರೂ ಒಬ್ಬರ ಮುಖ ಒಬ್ಬರು ನೋಡದೆ ಕೈ ಹಿಂತೆಗೆದರು.

“ಏಳ್ರೇ,” ಎಂದಳು ಮಲ್‌ಸುಕ್, ಒದ್ದೆ ಕೈ ಲಂಗಕ್ಕೆ ಒರೆಸಿಕೊಳ್ಳುತ್ತ. “ಇದಕ್ಕಿಂತ ಭಾರದ ಅನ್ನದ ಹಂಡೆ ಎತ್ತಿಲ್ವಾ ನಾವು?”

ಹೆಂಗಸರು ಪೆಟ್ಟಿಗೆ ಎತ್ತಿ, ಒಂದು ಮಗ್ಗುಲಿಗೆ ವಾಲಿಸಿಕೊಂಡೇ ಅಂಗಳಕ್ಕಿಳಿದರು. ಶವದ ವ್ಯಾನಿನ ಮುಂದೆ ತಂಡದ ಬಸ್ಸು ಅಡ್ಡ ನಿಂತಿತ್ತು. ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ; ಅದನ್ನು ಸರಿಸಲು ಕೋಚ್ ಯಾರನ್ನೂ ಕಳಿಸಲಿಲ್ಲ.