ಕಾಲುಬಸ್ಸಿನ ಕಂಡಕ್ಟರ್

ತುಳಸಿ ಕಾಫಿ ಗಿಡದ ಗೆಲ್ಲೊಂದನ್ನು ಎಡಗೈಯಲ್ಲಿ ಬಗ್ಗಿಸಿ ಹಿಡಿದು ಬಲಗೈಯಲ್ಲಿ ಹಣ್ಣು ಉದುರಿಸುತ್ತಿದ್ದಾಗ ಸೊಂಟದಲ್ಲಿದ್ದ ಫೋನು ಮತ್ತೆ ಗುಂಯ್‌ಗುಟ್ಟಿತು. ಬೆಳಿಗ್ಗೆಯಿಂದ ಎರಡನೇ ಸಲ. ಮೊದಲು ವಾಟ್ಸಾಪಿಗೆ ಬಂದದ್ದು ಶಾಲೆಮಕ್ಕಳ ಜೀಪಿನ ಮಹೇಶನ ದನಿ: "ತುಳಸಕ್ಕ, ಸೀಟು ಸಂಜೆವರೆಗೆ ಇಡ್ತೇನೆ. ನಿಮ್ಮ ಫೋನ್ ಬರ್ಲಿಲ್ಲ ಅಂದ್ರೆ ಬೇರೆಯವರಿಗೆ, ಆಯ್ತಾ?" ಮಗಳಿಗೆ ಮತ್ತೆ ಜೀಪಿನಲ್ಲಿ ಸೀಟು ಕೇಳಿಟ್ಟ ವಿಷಯ ಗಂಡ ರಾಜುವಿಗೂ ಗೊತ್ತಿರಲಿಲ್ಲ, ಮಗಳಿಗೂ.

ಮಗಳು ಸುಮಿತಾ ಐದನೇ ಕ್ಲಾಸು. ಹೋದ ತಿಂಗಳವರೆಗೆ ಮಹೇಶನ ಜೀಪಿನಲ್ಲೇ ಶಾಲೆಗೆ ಹೋಗುತ್ತಿದ್ದಳು. ಹದಿನಾರು ಮಕ್ಕಳ ನಡುವೆ ಒತ್ತಿಕೊಂಡು, ಮುಷ್ಟಿಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತಾ. ಆದರೂ ವಾರಕ್ಕೆರಡು ದಿನ ವಾಂತಿ ತಪ್ಪುತ್ತಿರಲಿಲ್ಲ. ಆಮೇಲೆ ಶಾಲೆಯ ಟೀಚರು ಎಸ್ಟೇಟಿನ ಕೆಲಸದವರ ಲೈನುಮನೆಗಳಿಗೇ ಬಂದು, ಎರಡೇ ಕಿಲೋಮೀಟರ್ ಅಲ್ವಾ, ಮಕ್ಕಳು ಒಟ್ಟಿಗೆ ನಡೆದು ಬರಲಿ, ದಿನಕ್ಕೊಬ್ಬರು ದೊಡ್ಡವರು ಜೊತೆಗಿದ್ದರೆ ಸಾಕು ಎಂದರು. ಮಕ್ಕಳು ಅದಕ್ಕೆ ಕಾಲುಬಸ್ಸು ಎಂದು ಹೆಸರಿಟ್ಟರು. ನೋಡುವಾ ಎಂದು ತುಳಸಿಯೂ ಒಪ್ಪಿದ್ದಳು. ಒಪ್ಪಿದ ದಿನದಿಂದ ಒಂದು ಬೆಳಿಗ್ಗೆಯೂ ಅವಳ ಎದೆ ನೆಟ್ಟಗೆ ಬಡಿದಿರಲಿಲ್ಲ.

ಈಗಿನದು ಎಸ್ಟೇಟಿನ ಕಾವಲಿನ ಕರಿಯ ಕೆಲಸದವರ ಗ್ರೂಪಿಗೆ ಕಳಿಸಿದ ದನಿ: "ಎರಡು ಆನೆ, ಒಂದು ಮರಿ, ನಾಲ್ಕನೇ ಬ್ಲಾಕಲ್ಲಿ ನಿಂತುಂಟು. ಕೊಯ್ಲಿಗೆ ಅತ್ತ ಯಾರೂ ಹೋಗ್ಬೇಡಿ."

ಗೆಲ್ಲು ಕೈಜಾರಿ ಮೇಲಕ್ಕೆ ಚಿಮ್ಮಿತು. ನಾಲ್ಕನೇ ಬ್ಲಾಕಿನ ಅಂಚಿನಲ್ಲೇ ಶಾಲೆಯ ದಾರಿ.

"ಎಂತಾಯ್ತು ಮಾರಾಯ್ತಿ?" ಪಕ್ಕದ ಗಿಡದಿಂದ ದೊಡ್ಡಿ ಇಣುಕಿದಳು.

"ಮಕ್ಕಳು ಹೊರಟು ಹತ್ತು ನಿಮಿಷ ಆಯ್ತು, ದೊಡ್ಡಿಯಕ್ಕ."

"ಇವತ್ತು ಚೋಮಜ್ಜಿ ಉಂಟಲ್ಲ ಜೊತೆಗೆ. ಆ ಮುದುಕಿಯ ಬಾಯಿಗೆ ಹೆದರಿ ಆನೆಯೇ ದಾರಿ ಬಿಡ್ತದೆ."

ತುಳಸಿಗೆ ನಗು ಬರಲಿಲ್ಲ. ಚೀಲವನ್ನು ಅಲ್ಲೇ ಬಿಚ್ಚಿಟ್ಟು ಒಳದಾರಿ ಹಿಡಿದು ಓಡಿದಳು. ಬಿದ್ದ ಎಲೆಗಳ ಮೇಲೆ ಚಪ್ಪಲಿ ಜಾರಿತು, ಕೈಯಲ್ಲಿ ಹಿಡಿದುಕೊಂಡಳು. ಅವಳು ಏಳನೇ ಕ್ಲಾಸು ಮುಗಿಸಿದ ವರ್ಷ ಹೈಸ್ಕೂಲಿನ ದಾರಿಯಲ್ಲಿ ಯಾರೋ ಆನೆ ಕಂಡಿದ್ದರು. ಜೊತೆಗೆ ನಡೆಯುವವರಿರಲಿಲ್ಲ. "ಓದಿದ್ದು ಸಾಕು" ಎಂದ ಅಪ್ಪನ ಮೇಲೆ ಇಷ್ಟು ವರ್ಷ ಸಿಟ್ಟಿಟ್ಟುಕೊಂಡವಳಿಗೆ ಈಗ ಓಡುವಾಗ ಅಪ್ಪನ ಹೆದರಿಕೆಯೇ ತನ್ನ ಕಾಲಿಗೆ ಸುತ್ತಿಕೊಂಡಂತಾಯಿತು.

ತಿರುವಿನ ಮೋರಿಕಟ್ಟೆಯ ಮೇಲೆ ಕರಿಯ ಎಲೆಅಡಿಕೆ ಜಗಿಯುತ್ತಾ ಆರಾಮಾಗಿ ಕುಳಿತಿದ್ದ.

"ಕರಿಯಣ್ಣ! ನಾಲ್ಕರಲ್ಲಿ ಆನೆ ಅಂತ ಹೇಳಿ ಇಲ್ಲಿ ಕೂತಿದ್ದೀಯಲ್ಲ!"

"ಹೊಸ ನಾಲ್ಕು, ತುಳಸಿ. ಹೊಳೆ ಬದಿದು." ಅವನು ತಲೆಯ ಮೇಲಿನ ತಗಡಿನ ಬೋರ್ಡನ್ನು ತೋರಿಸಿದ. "ಇದು ಈಗ ಒಂಬತ್ತು. ಹಳೇ ನಂಬರ್ ಹೇಳಿದ್ದಕ್ಕೆ ನಿನ್ನೆ ಆಫೀಸಿನ ರೈಟರು ನಂಗೆ ಎಷ್ಟು ಬೈದ್ರು ಗೊತ್ತುಂಟಾ? ಅದಕ್ಕೆ ಇವತ್ತು ಹೊಸದೇ ಹೇಳಿದ್ದು."

ತುಳಸಿ ಬೋರ್ಡು ನೋಡಿದಳು. ಬ್ಲಾಕುಗಳ ನಂಬರು ಬದಲಿಸಿ ತಿಂಗಳಾಗಿತ್ತು, ದಿನವೂ ಅದರ ಕೆಳಗೇ ಓಡಾಡುತ್ತಿದ್ದಳು. ತಲೆಯೊಳಗಿನ ಎಸ್ಟೇಟಿನಲ್ಲಿ ಮಾತ್ರ ಹಳೆಯ ನಂಬರುಗಳೇ ಉಳಿದಿದ್ದವು. ಅವಳೂ ಮೋರಿಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಬೆಳಿಗ್ಗೆ ಆರಕ್ಕೇ ಇಡೀ ದಾರಿ ನೋಡಿ ಬಂದಿದ್ದೇನೆ. ಮಕ್ಕಳು ದಾಟುವವರೆಗೆ ಇಲ್ಲಿಂದ ಏಳುದಿಲ್ಲ."

"ದಿನಾ?"

"ಮತ್ತೆಂತ? ನನ್ನ ಮೊಮ್ಮಗನೂ ಇದೇ ಬಸ್ಸಲ್ಲಿ ಬರುದಲ್ವಾ?"

ಅಷ್ಟರಲ್ಲಿ ಸೀಟಿಯ ಸದ್ದು. ತುಳಸಿ ಎದ್ದವಳೇ ಸಿಲ್ವರ್ ಮರದ ಹಿಂದೆ ಸರಿದಳು. ಹನ್ನೊಂದು ಮಕ್ಕಳು ಹಗ್ಗವೊಂದನ್ನು ಹಿಡಿದು ಎರಡು ಸಾಲಾಗಿ ಬರುತ್ತಿದ್ದರು. ಮುಂದೆ ಸುಮಿತಾ, ಕೊರಳಲ್ಲಿ ಸೀಟಿ. ಹಿಂದೆ ಕೋಲೂರಿಕೊಂಡು ಗೊಣಗುವ ಚೋಮಜ್ಜಿ. ಒಂದನೇ ಕ್ಲಾಸಿನ ಪುಟ್ಟಿಯ ಶೂ ಕಳಚಿತು.

"ಹೋಲ್ಡಾನ್! ಟೈರ್ ಪಂಚರ್!" ಸುಮಿತಾ ಕೂಗಿದಳು. ಇಡೀ ಸಾಲು ನಿಂತಿತು. ಅವಳು ಮಂಡಿಯೂರಿ ಶೂ ಹಾಕಿಸಿ, ಲೇಸು ಕಟ್ಟಿ ಎದ್ದಳು.

"ಬೇಗ ಬಿಡಿ ಕಂಡಕ್ಟ್ರೇ, ನಂಗೆ ವಾಪಸ್ ಬಂದು ಗಂಜಿ ಕುಡಿಲಿಕ್ಕುಂಟು," ಎಂದಳು ಚೋಮಜ್ಜಿ.

"ರೈಟ್, ರೈಟ್!"

ಬಿಸಿಲಿಗೆ ಸುಮಿತಾಳ ಕೆನ್ನೆ ಕೆಂಪಾಗಿತ್ತು. ಕೈಯಲ್ಲಿ ನಿಂಬೆಹಣ್ಣಿರಲಿಲ್ಲ. ಕೂಗಿ ಕರೆಯಬೇಕೆನಿಸಿದರೂ ತುಳಸಿ ಕರೆಯಲಿಲ್ಲ. ಕೊನೆಯ ಪುಟ್ಟ ಬ್ಯಾಗು ತಿರುವಿನಲ್ಲಿ ಮರೆಯಾದ ಮೇಲೆ ಉಸಿರು ಅವಳೊಳಗೆ ತನ್ನ ಜಾಗಕ್ಕೆ ಬಂದು ಕುಳಿತಿತು. ಆಗಷ್ಟೇ ಕೈಯಲ್ಲಿದ್ದ ಚಪ್ಪಲಿಯ ನೆನಪಾಗಿ ಮೆಟ್ಟಿಕೊಂಡಳು.

"ಎಂತ, ಮಗಳನ್ನು ಎತ್ತಿಕೊಂಡು ಬರ್ಲಿಲ್ವಾ?" ಅವಳು ಗಿಡಗಳ ಹತ್ತಿರ ವಾಪಸಾದಾಗ ದೊಡ್ಡಿ ಕೆಣಕಿದಳು.

"ಅವಳು ಡ್ಯೂಟಿಯಲ್ಲಿದ್ದಾಳೆ."

ತುಳಸಿ ಚೀಲ ಕಟ್ಟಿಕೊಂಡಳು. ಫೋನು ತೆಗೆದು ಮಹೇಶನ ಮಾತನ್ನು ಇನ್ನೊಮ್ಮೆ ಕೇಳಿಸಿಕೊಂಡಳು. ಆಮೇಲೆ ಅದನ್ನು ಬುತ್ತಿಚೀಲದ ತಳಕ್ಕೆ, ಡಬ್ಬಿಯ ಅಡಿಗೆ ಸೇರಿಸಿದಳು. ಸಂಜೆ ಅವನಿಗೆ ಫೋನ್ ಮಾಡುವುದಿಲ್ಲ.

"ಒಬ್ಬಳೇ ಎಂತ ನಗಾಡ್ತೀಯ?"

"ಎಂತದ್ದೂ ಇಲ್ಲ, ದೊಡ್ಡಿಯಕ್ಕ," ಎಂದು ಅವಳು ಮುಂದಿನ ಗೆಲ್ಲನ್ನು ಬಗ್ಗಿಸಿದಳು.