ಅರ್ಧ ಚೀಟಿ

ಮೂರನೇ ಸಲವೂ ಫೋನು ಅದನ್ನೇ ಹೇಳಿತು: 'ಹಣ ಹಿಂಪಡೆಯುವ ಸೌಲಭ್ಯವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ. ನಿಮ್ಮ ತಾಳ್ಮೆಗೆ ಧನ್ಯವಾದಗಳು.' ತಾಳ್ಮೆಯನ್ನು ಅವಳು ಇನ್ನೂ ಕೊಟ್ಟೇ ಇರಲಿಲ್ಲ, ಧನ್ಯವಾದ ಮಾತ್ರ ಮುಂಗಡವಾಗಿ ಬಂದುಬಿಟ್ಟಿತ್ತು. ಕೌಂಟರಿನ ಹಲಗೆಯನ್ನು ಯಾರೋ ಬೆರಳಿನಿಂದ ಟಕಟಕ ಬಡಿದರು. ಚೀಟಿ ಅಕ್ಕ ಫೋನನ್ನು ಮಗುಚಿಟ್ಟು ಎದ್ದಳು.

ಬಸ್ ನಿಲ್ದಾಣದ ಲಗೇಜ್ ರೂಮಿನಲ್ಲಿ ಅವಳಿಗಿದು ಇಪ್ಪತ್ತಾರನೇ ವರ್ಷ. ಚೀಟಿಯ ನಡುವೆ ಸಣ್ಣ ತೂತುಗಳ ಗೆರೆ. ಅರ್ಧವನ್ನು ಸಾಮಾನಿಗೆ ಕಟ್ಟಬೇಕು, ಇನ್ನರ್ಧ ಪ್ರಯಾಣಿಕರ ಕೈಗೆ. ಹೆಚ್ಚುಕಮ್ಮಿಯಿಲ್ಲದೆ ಹರಿಯುವುದರಲ್ಲಿ ಇಡೀ ನಿಲ್ದಾಣದಲ್ಲಿ ಅವಳನ್ನು ಮೀರಿಸಿದವರಿಲ್ಲ, ಅದಕ್ಕೇ ಆ ಅಡ್ಡಹೆಸರು. ಚೀಟಿ ತಂದವರು ಬರಿಗೈಯಲ್ಲಿ ಹೋದದ್ದು ಒಮ್ಮೆಯೂ ಇಲ್ಲ. ಏಳು ತಿಂಗಳ ಮೇಲೆ ಒಬ್ಬ ಮಾಸಿದ ಚೀಟಿ ಹಿಡಿದು ಬಂದು, ಸುಮ್ಮನೆ ಕೇಳಿ ನೋಡೋಣವೆಂದು ಕೊಡೆ ಕೇಳಿದ್ದ. ಅವಳು ಧೂಳು ಕೊಡವಿ ಎದುರಿಗಿಟ್ಟಾಗ ಗಾಬರಿಯಾದವನು ಅವನೇ.

ಬಂದವರ ಚೀಲ ಕೊಟ್ಟು ಕಳಿಸಿ ಅವಳು ಫೋನ್ ಹಿಡಿದು ನೇರ ಟಿಕೆಟ್ ಗುಮಾಸ್ತನ ಕಿಟಕಿಗೆ ಹೋದಳು. ಎರಡು ವರ್ಷದ ಹಿಂದೆ ಈ ಆ್ಯಪ್ ಹಾಕಿಕೊಟ್ಟು, ಕ್ರಿಪ್ಟೊ ನಾಣ್ಯ ಕೊಳ್ಳುವುದನ್ನು ಕಲಿಸಿದವನು ಅವನು. ತನ್ನದನ್ನೂ ಅದರಲ್ಲೇ ಇಟ್ಟಿದ್ದ. ಇವತ್ತು ಅವನ ಮುಖವೂ ಸುಟ್ಟ ಬದನೆಕಾಯಿಯ ಹಾಗಿತ್ತು.

"ನಾಣ್ಯಕ್ಕೇನೂ ಆಗಿಲ್ಲ ಅಕ್ಕ. ನೋಡಿ, ಬೆಲೆ ನಿನ್ನೆಗಿಂತ ಜಾಸ್ತೀನೇ ಇದೆ."

"ಮತ್ಯಾಕೆ ಕೊಡ್ತಿಲ್ಲ?"

"ಇಟ್ಕೊಂಡೋರಿಗೆ ಆಗಿದೆ. ನಮ್ಮೆಲ್ಲರದನ್ನೂ ಇನ್ಯಾರಿಗೋ ಸಾಲ ಕೊಟ್ಟಿದ್ರಂತೆ. ಅವರು ಕೈ ಎತ್ತಿದ್ರು, ಇವರೂ ಎತ್ತಿದ್ರು."

"ಇಡೋಕೆ ಕೊಟ್ಟ ಸಾಮಾನನ್ನ ಇನ್ನೊಬ್ಬರಿಗೆ ಕೊಡೋಕೆ ಇವರ್ಯಾರು?"

"ಷರತ್ತಿನಲ್ಲಿ ಬರೆದಿತ್ತಂತೆ. ನಾನೂ ಓದಿರಲಿಲ್ಲ."

"ಇಲ್ಲಿ ನನ್ನ ಲೆಕ್ಕದಲ್ಲಿ ಕಾಣ್ತಾ ಇದ್ಯಲ್ಲಪ್ಪ?"

"ಅದು ಬರೀ ಚೀಟಿ, ಅಕ್ಕ. ನಿಮಗೆ ಕೊಡಬೇಕು ಅಂತ ಅವರು ಬರೆದಿರೋ ಚೀಟಿ. ನಾಣ್ಯದ ಕೀಲಿ ಮೊದಲಿಂದಲೂ ಅವರ ಹತ್ರಾನೇ ಇರೋದು. ಬೇಕಾದ್ರೆ ಕೀಲಿ ನಾವೇ ಇಟ್ಕೋಬಹುದು, ಕೀಲಿ ಅಂದ್ರೆ ಹನ್ನೆರಡು ಪದ, ಒಂದು ಕಾಗದದಲ್ಲಿ ಬರೆದಿಟ್ಕೊಂಡ್ರೆ ಸಾಕು ಅಂತ ಅವತ್ತೇ ಹೇಳಿದ್ದೆ."

ಹೇಳಿದ್ದ, ನಿಜ. ಅವಳು ಅವನನ್ನು ಗೇಲಿ ಮಾಡಿದ್ದಳು. 'ಗಂಟನ್ನ ತಲೆ ಮೇಲೆ ಹೊತ್ಕೊಂಡು ಊರೆಲ್ಲ ತಿರುಗೋದ್ಯಾಕಪ್ಪ? ರೂಮಲ್ಲಿಟ್ಟು ಚೀಟಿ ತಗೊಂಡ್ರೆ ಆಯ್ತು' ಎಂದಿದ್ದಳು. ಚೀಟಿಯೆಂದರೆ ಸಾಮಾನೇ ಎಂದು ಅವಳು ಇಪ್ಪತ್ತಾರು ವರ್ಷ ನಂಬಿಕೊಂಡೇ ಬಂದಿದ್ದಳು. ಪ್ರತಿ ಚೀಟಿಯ ಹಿಂದೆಯೂ ತಾನೇ ಕೂತಿದ್ದೆ ಎನ್ನುವುದು ಹೊಳೆದಿರಲಿಲ್ಲ. ಈಗ ಹೊಳೆದು ಪ್ರಯೋಜನವಿರಲಿಲ್ಲ.

ಆ ದುಡ್ಡಿನಲ್ಲಿ ತನಗೂ ತಂಗಿಗೂ ಒಂದು ಮನೆ ಕೊಳ್ಳಬೇಕೆಂದಿದ್ದಳು. ಮಾರುವವರು ಶನಿವಾರದವರೆಗೆ ಕಾಯುತ್ತೇವೆಂದಿದ್ದರು. ಎರಡೇ ಕೋಣೆ, ಬಾಗಿಲಿಗೂ ಮೆಟ್ಟಿಲಿಲ್ಲ. ತಂಗಿಯ ಮಂಡಿಗೆ ಮೆಟ್ಟಿಲು ಆಗುವುದಿಲ್ಲ. ಗಂಡ ಹೋದ ಮೇಲೆ ಅವಳು ಮೈದುನನ ಮನೆಯ ಮೂರನೇ ಮಹಡಿಯಲ್ಲಿದ್ದಳು, ಇಳಿದರೆ ಹತ್ತಲಾರಳು ಎಂದು ಇಳಿಯುವುದನ್ನೇ ಬಿಟ್ಟಿದ್ದಳು. ಚೀಟಿ ಅಕ್ಕನಿಗಂತೂ ಕೆಲಸ ಮುಗಿಸಿ ಕೋಣೆಗೆ ಹೋದರೆ ಮರುದಿನ ಬೆಳಗ್ಗೆ ಮೊದಲ ಪ್ರಯಾಣಿಕ ಬರುವ ತನಕ ಬಾಯಿ ತೆರೆಯುವ ಕೆಲಸವೇ ಇರಲಿಲ್ಲ. ಹತ್ತೊಂಬತ್ತು ವರ್ಷ ಅಕ್ಕತಂಗಿಯರು ಫೋನಿನಲ್ಲೇ ಬದುಕಿದ್ದರು. ಆ ಮನೆಗೆಂದು ತಂಗಿ ತನ್ನ ಬಳೆಗಳನ್ನೂ ಮಾರಿಸಿ ಹಣವನ್ನು ಅಕ್ಕನಿಗೆ ಕಳಿಸಿದ್ದಳು, ಅದೂ ಆ ಆ್ಯಪಿನಲ್ಲೇ ಇತ್ತು.

ಮಧ್ಯಾಹ್ನ ತಂಗಿಯ ಊರಿನ ಬಸ್ ಬಂತು. ಡ್ರೈವರ್ ಒಂದು ಹಸಿರು ಟ್ರಂಕನ್ನು ಎದೆಗವಚಿಕೊಂಡು ಬಂದು ಹಲಗೆಯ ಮೇಲೆ ದೊಪ್ಪನೆ ಇಟ್ಟ.

"ನಿಮ್ಮ ತಂಗಿ ಕಳ್ಸಿದ್ದು. ಶನಿವಾರ ಅವರೂ ಬರ್ತಾರಂತೆ."

ಅವಳ ಕೈ ತಾನಾಗಿಯೇ ಚೀಟಿ ಪುಸ್ತಕಕ್ಕೆ ಹೋಯಿತು.

"ಚೀಟಿಗೀಟಿ ಏನೂ ಬೇಡವಂತೆ," ಡ್ರೈವರ್ ನಕ್ಕ. "ನಮ್ಮಕ್ಕನ ಹತ್ರ ಇದ್ರೆ ನನ್ನ ಹತ್ರ ಇದ್ದ ಹಾಗೇ ಅಂದ್ರು."

ಅವಳು ಟ್ರಂಕನ್ನು ಕಪಾಟಿಗೆ ಏರಿಸಲಿಲ್ಲ. ಕುರ್ಚಿಯ ಪಕ್ಕದಲ್ಲಿ, ಕಾಲಿಗೆ ತಾಗುವಂತೆ ಇಟ್ಟುಕೊಂಡಳು. ಒಂದು ಗಂಟೆ ಹಾಗೇ ಕೂತಿದ್ದು, ಆಮೇಲೆ ಫೋನ್ ಮಾಡಿದಳು.

"ಟ್ರಂಕ್ ಬಂತು ಕಣೇ."

"ಮೇಲ್ಗಡೆ ಗಾಜಿನ ಲೋಟ ಇವೆ, ಜೋಪಾನ. ಅಕ್ಕ, ಅಡುಗೆಮನೆ ಕಿಟಕಿ ಯಾವ ಕಡೆಗಿದೆ? ಪರದೆ ಹೊಲಿತಾ ಇದೀನಿ."

"ಮನೆ ಆಗಲ್ಲ ಕಣೇ. ಇಟ್ಟಿದ್ದು ವಾಪಸ್ ಬರ್ತಾ ಇಲ್ಲ."

"ಯಾರ ಹತ್ರ ಇಟ್ಟಿದ್ದೆ?"

ಚೀಟಿ ಅಕ್ಕ ಯೋಚಿಸಿದಳು. ಒಂದು ಮುಖವಿಲ್ಲ, ಒಂದು ಬಾಗಿಲಿಲ್ಲ, ಹೋಗಿ ಬಡಿಯಲು ಒಂದು ಹಲಗೆಯೂ ಇಲ್ಲ.

"ಗೊತ್ತಿಲ್ಲ," ಎಂದಳು.

"ನಾನು ನಿನ್ನ ಹತ್ರ ಇಟ್ಟಿದ್ದೆ ಅಕ್ಕ."

ತಂಗಿ ಕೂಗಲಿಲ್ಲ, ಅಳಲೂ ಇಲ್ಲ. ಕೂಗಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಅನ್ನಿಸಿತು.

"ನನ್ನ ಕೋಣೆಗೇ ಬಂದುಬಿಡು. ಸ್ವಲ್ಪ ಇಕ್ಕಟ್ಟು, ಅಷ್ಟೇ."

"ಎಷ್ಟನೇ ಮಹಡಿ?"

"ನಾಲ್ಕು."

ಆ ಕಡೆ ಹೊಲಿಗೆ ಯಂತ್ರ ಒಂದೆರಡು ಸುತ್ತು ತಿರುಗಿ ನಿಂತಿತು.

"ಟ್ರಂಕ್ ವಾಪಸ್ ಕಳ್ಸಿಬಿಡು. ಸಂಜೆ ಬಸ್ಸಿಗೇ ಹಾಕು." ತಂಗಿ ಸೇರಿಸಿದಳು: "ಒಂದು ಚೀಟಿ ಬರೆದು ಡ್ರೈವರ್ ಕೈಲಿ ಕೊಡು."

ಐದು ಗಂಟೆಗೆ ಡ್ರೈವರ್ ಬಂದಾಗ ಅವಳು ಪುಸ್ತಕ ತೆರೆದು ಕೂತಿದ್ದಳು. ಹಸಿರು ಟ್ರಂಕು, ಒಂದು. ಬೀಗ ಹಾಕಿದೆ. ಒಳಗೆ ಗಾಜು. ಹೆಸರಿನ ಜಾಗದಲ್ಲಿ ತಂಗಿಯ ಹೆಸರನ್ನು ಪೂರ್ತಿಯಾಗಿ ಬರೆದಳು. ಮನೆಯಲ್ಲಿ ಯಾರೂ ಕರೆಯದ, ಶಾಲೆಯಲ್ಲಿ ಮಾತ್ರ ಇದ್ದ ಹೆಸರು.

"ಚೀಟಿ ಬೇಡ ಅಂದಿದ್ರಲ್ಲ?"

"ಈಗ ಬೇಕಂತೆ."

ಗೆರೆಯ ಮೇಲೆ ಉಗುರಾಡಿಸಿ, ಮಡಚಿ, ನಿಧಾನವಾಗಿ ಎಳೆದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಚೀಟಿ ಓರೆಯಾಗಿ ಹರಿಯಿತು, ತಂಗಿಯ ಹೆಸರಿನ ಕೊನೆಯ ಅಕ್ಷರ ಆಚೆಯ ತುಂಡಿಗೆ ಹೋಯಿತು. ಅವಳು ಅದನ್ನು ಬದಿಗಿಟ್ಟು ಇನ್ನೊಂದು ಬರೆದಳು. ಅದು ಸರಿಯಾಗಿ ಹರಿಯಿತು. ಅರ್ಧವನ್ನು ಟ್ರಂಕಿನ ಹಿಡಿಗೆ ಎರಡು ಗಂಟು ಹಾಕಿ ಕಟ್ಟಿದಳು. ಇನ್ನರ್ಧವನ್ನು ಡ್ರೈವರ್ ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕುವ ತನಕ ನೋಡುತ್ತ ನಿಂತಳು.